ಟ್ಯಾಕ್ಸಿ ಚಾಲಕರ ಲೈಸೆನ್ಸ್ ನವೀಕರಣ ಮತ್ತು ಹಿನ್ನೆಲೆ ತಪಾಸಣೆ: ಪರೀಕ್ಷಾ ಟಿಪ್ಪಣಿ

ಭದ್ರಾವತಿಯ ನ್ಯೂ ಟೌನ್‌ನಲ್ಲಿ ಬಾಡಿಗೆಗೆ ನಿಂತ ಕಾರಿನ ಹಳದಿ ಫಲಕದ ಮೇಲೆ ಕಪ್ಪು ಅಕ್ಷರದಲ್ಲಿ ಕೆಎ-14 ಎಂದಿದ್ದರೆ ಅದು ಶಿವಮೊಗ್ಗ ಆರ್‌ಟಿಒ ನೋಂದಣಿ. ಫಲಕ ವಾಹನದ ವಿಚಾರ ಹೇಳುತ್ತದೆಯೇ ಹೊರತು ಚಾಲಕನ ನಡತೆಯನ್ನಲ್ಲ. ಲೈಸೆನ್ಸ್ ನವೀಕರಣವೂ ನಡತೆಯನ್ನು ಅಳೆಯುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ ಕಲಂ 14ರಂತೆ ಸಾರಿಗೆ ವಾಹನ ಲೈಸೆನ್ಸಿನ ಅವಧಿ 5 ವರ್ಷ. 2019ರ ತಿದ್ದುಪಡಿಗೆ ಮುಂಚೆ 3 ವರ್ಷವಿತ್ತು. ಅವಧಿ ಮುಗಿದ ಮೇಲಿನ 30 ದಿನಗಳ ರಿಯಾಯಿತಿಯೂ ಅದೇ ತಿದ್ದುಪಡಿಯಲ್ಲಿ ಹೋಯಿತು. ಕಲಂ 15ರಂತೆ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅದು ಮೀರಿದರೆ ಚಾಲನಾ ಪರೀಕ್ಷೆ. ವೈದ್ಯಕೀಯ ಪ್ರಮಾಣಪತ್ರ ನಮೂನೆ 1-ಎ.

ನಡತೆಯ ಪ್ರಶ್ನೆ ಬರುವುದು ಕಲಂ 19ರಲ್ಲಿ: ರೂಢಿಗತ ಅಪರಾಧಿ, ರೂಢಿಗತ ಕುಡುಕ ಮುಂತಾದವರ ಲೈಸೆನ್ಸನ್ನು ಲೈಸೆನ್ಸ್ ನೀಡುವ ಪ್ರಾಧಿಕಾರ ರದ್ದುಪಡಿಸಬಹುದು. ಆದರೆ ಚಾಲಕನ ಅಪರಾಧ ದಾಖಲೆ ಪ್ರಾಧಿಕಾರದ ಕಣ್ಣಿಗೆ ಬೀಳಬೇಕಲ್ಲ! 2014ರ ಡಿಸೆಂಬರ್‌ನ ದೆಹಲಿ ಆ್ಯಪ್ ಟ್ಯಾಕ್ಸಿ ಅತ್ಯಾಚಾರ ಪ್ರಕರಣದಲ್ಲಿ ಚಾಲಕನ ಪೊಲೀಸ್ ನಡತೆ ಪತ್ರವೇ ನಕಲಿ ಎಂದು ಬಯಲಾಯಿತು. ಆದ್ದರಿಂದ ಚಾಲಕ ತಂದುಕೊಡುವ ಕಾಗದ ಸಾಲದು. ಪೊಲೀಸ್ ದಾಖಲೆ ನೇರವಾಗಿ ಇಲಾಖೆಗೆ ಹೋಗಬೇಕು. ಇದರಿಂದ ಬಡ ಚಾಲಕನ ಹೊಟ್ಟೆಗೆ ಹೊಡೆತ ಎಂಬ ಆಕ್ಷೇಪ ಹಗುರವಲ್ಲ. ಆದರೆ 2020ರ ಕೇಂದ್ರ ಅಗ್ರಿಗೇಟರ್ (ಆ್ಯಪ್ ಟ್ಯಾಕ್ಸಿ ಸಂಸ್ಥೆ) ಮಾರ್ಗಸೂಚಿ ನೋಡಿದ್ದು ಹಿಂದಿನ 7 ವರ್ಷಗಳ ಶಿಕ್ಷೆಯನ್ನು, ಬರೀ ಎಫ್‌ಐಆರ್ ಅನ್ನಲ್ಲ. ಕಲಂ 19ರ ಆದೇಶಕ್ಕೆ 30 ದಿನಗಳೊಳಗೆ ಮೇಲ್ಮನವಿಯೂ ಇದೆ. ಐದು ವರ್ಷಕ್ಕೊಮ್ಮೆ ನವೀಕರಣದಲ್ಲೇ ನೋಡಿದರಾಯಿತು ಎನ್ನುವಂತೆಯೂ ಇಲ್ಲ: 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ, 7,500 ಕೆ.ಜಿ. ಒಳಗಿನ ಸಾರಿಗೆ ವಾಹನಕ್ಕೆ ಸಾಮಾನ್ಯ ಲಘು ಮೋಟಾರು ವಾಹನ (ಎಲ್‌ಎಂವಿ) ಲೈಸೆನ್ಸೇ ಸಾಕೆಂದಿತು. 30 ವರ್ಷದೊಳಗೆ ಪಡೆದ ಆ ಲೈಸೆನ್ಸ್ 40 ತುಂಬುವವರೆಗೆ ನಡೆಯುತ್ತದೆ. ಹಾಗಾಗಿ ತಪಾಸಣೆಯನ್ನು ಲೈಸೆನ್ಸಿಗಲ್ಲ, ಟ್ಯಾಕ್ಸಿ ಪರ್ಮಿಟ್ಟಿಗೆ ಕಟ್ಟುವುದೇ ಸರಿ.