ಮನೆ ಆರೈಕೆ ಉದ್ಯಮ: ಹಣಕಾಸು ಯೋಜನೆ ಮತ್ತು ಮುನ್ನಂದಾಜು
(ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳನ್ನು ಆಧರಿಸಿದ ಮುಖ್ಯಾಂಶಗಳು)

ತಿರುಳು: ಹೋಂ ನರ್ಸಿಂಗ್ ಉದ್ಯಮದ ಅಳಿವು ಉಳಿವು ರೋಗಿಗಳ ಸಂಖ್ಯೆಯೊಂದರಿಂದಲೇ ತೀರ್ಮಾನವಾಗದು. ಮನೆಯಿಂದ ಮನೆಗೆ ಹೋಗಲು ಹಿಡಿಯುವ ಸಮಯ ಒಂದು, ಸಂಬಳ ಕೊಡುವ ದಿನಕ್ಕೂ ಬಿಲ್ಲಿನ ಹಣ ಕೈಸೇರುವ ದಿನಕ್ಕೂ ಇರುವ ಅಂತರ ಇನ್ನೊಂದು. ಈ ಎರಡನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ಕರಾವಳಿಯಲ್ಲಿ ನಿಲ್ಲುವುದಿಲ್ಲ.

1. ಹಿನ್ನೆಲೆ

- ಉಡುಪಿ ಜಿಲ್ಲೆ ರಚನೆಯಾದದ್ದು 1997ರ ಆಗಸ್ಟ್ 25ರಂದು. ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳು ಅಸ್ತಿತ್ವಕ್ಕೆ ಬಂದದ್ದು 2018ರಲ್ಲಿ.
- 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11,77,361. ಪ್ರತಿ 1,000 ಪುರುಷರಿಗೆ 1,094 ಮಹಿಳೆಯರು. ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ರೂಢಿ ಇದಕ್ಕೆ ಒಂದು ಕಾರಣ. ಎಷ್ಟೋ ಮನೆಗಳಲ್ಲಿ ಸೇವೆ ಪಡೆಯುವ ಹಿರಿಯರು ಊರಿನಲ್ಲಿ, ಬಿಲ್ ಕಟ್ಟುವ ಮಕ್ಕಳು ಪರಊರಿನಲ್ಲಿ.
- ದೇಶದಲ್ಲಿ 60 ದಾಟಿದವರು 2011ರಲ್ಲಿ ಶೇ. 8.6 ಇದ್ದರು. 2050ರ ಹೊತ್ತಿಗೆ ಐವರಲ್ಲಿ ಒಬ್ಬರಾಗುವ ಅಂದಾಜಿದೆ.
- ಮೂರೂ ತಾಲ್ಲೂಕುಗಳನ್ನು ರಾಷ್ಟ್ರೀಯ ಹೆದ್ದಾರಿ 66 ಜೋಡಿಸುತ್ತದೆ. ಆದರೆ ಕೊಲ್ಲೂರು, ಸಿದ್ದಾಪುರ, ಶಂಕರನಾರಾಯಣ, ಕೊಕ್ಕರ್ಣೆ ಒಳನಾಡಿನಲ್ಲಿವೆ. ಗಂಗೊಳ್ಳಿ ಕುಂದಾಪುರದಿಂದ ಹೊಳೆಯಾಚೆ ಕಣ್ಣಿಗೆ ಕಾಣುವಷ್ಟು ಹತ್ತಿರ. ರಸ್ತೆಯಲ್ಲಿ ಹೋದರೆ ಹೆಮ್ಮಾಡಿ, ತ್ರಾಸಿ ಸುತ್ತಬೇಕು. ಆದ್ದರಿಂದ ದರ ನಿಗದಿಗೆ ಆಧಾರ ರಸ್ತೆಯ ಸಮಯ, ನಕ್ಷೆಯ ದೂರವಲ್ಲ.
- ರಾಜ್ಯದ ಮೊದಮೊದಲ ಮನೆ ಆರೈಕೆ ಸಂಸ್ಥೆಗಳಲ್ಲಿ ಬೆಂಗಳೂರಿನ ನೈಟಿಂಗೇಲ್ಸ್ (1996), ಪೋರ್ಟಿಯಾ (2013) ಸೇರಿವೆ. ಮನೆಗಳು ಒತ್ತಾಗಿರುವ ನಗರದ ಲೆಕ್ಕ ಚದುರಿದ ಮನೆಗಳ ಕರಾವಳಿಗೆ ಹಾಗೆಯೇ ಹೊಂದದು.

2. ನೆನಪಿಡಬೇಕಾದ ಪರಿಭಾಷೆ

- ಬಜೆಟ್: ವರ್ಷಾರಂಭದಲ್ಲಿ ಹಾಕಿಕೊಂಡ ಗುರಿ. ಮುನ್ನಂದಾಜು: ಪ್ರತಿ ತಿಂಗಳ ನಿಜವಾದ ಅಂಕಿಗಳಿಂದ ತಿದ್ದುತ್ತ ಹೋಗುವ ಲೆಕ್ಕ.
- ಸ್ಥಿರ ವೆಚ್ಚ: ಬಾಡಿಗೆ, ಮೂಲ ಸಂಬಳ. ಚರ ವೆಚ್ಚ: ಪೆಟ್ರೋಲ್, ಗ್ಲೌಸ್, ಡ್ರೆಸ್ಸಿಂಗ್ ಸಾಮಗ್ರಿ, ಭೇಟಿ ಭತ್ಯೆ.
- ಕೊಡುಗೆ = ದರ − ಚರ ವೆಚ್ಚ. ಬ್ರೇಕ್-ಈವನ್ = ಸ್ಥಿರ ವೆಚ್ಚ ÷ ಪ್ರತಿ ಭೇಟಿಯ ಕೊಡುಗೆ.
- ಮುಂಗಡ: ಸೇವೆ ಕೊಡುವವರೆಗೆ ಅದು ಹೊಣೆ, ಆದಾಯವಲ್ಲ.

3. ಆದಾಯದ ಮುನ್ನಂದಾಜು

- ಸೂತ್ರ: ತಿಂಗಳ ಆರಂಭದ ರೋಗಿಗಳು + ಹೊಸಬರು − ಸೇವೆ ನಿಲ್ಲಿಸಿದವರು.
- ಸೇವೆ ನಿಲ್ಲಲು ಕಾರಣಗಳು: ಗುಣವಾಗುವುದು, ಮತ್ತೆ ಆಸ್ಪತ್ರೆ ಸೇರುವುದು, ಮಕ್ಕಳ ಮನೆಗೆ ಹೋಗುವುದು, ಮರಣ.
- ಗುಂಪುಗಳನ್ನು ಬೇರೆ ಬೇರೆ ಎಣಿಸಬೇಕು. ಶಸ್ತ್ರಚಿಕಿತ್ಸೆಯ ನಂತರದ ಡ್ರೆಸ್ಸಿಂಗ್ ಕೆಲವೇ ವಾರಗಳದ್ದು. ಪಾರ್ಶ್ವವಾಯುವಿನ ಫಿಸಿಯೋಥೆರಪಿ ತಿಂಗಳುಗಟ್ಟಲೆ ಬೇಕಾಗಬಹುದು. ಹಾಸಿಗೆ ಹಿಡಿದವರ ಆರೈಕೆ ಎಷ್ಟು ಕಾಲವೆಂದು ಮೊದಲೇ ಹೇಳಲಾಗದು.
- ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಮನೆ ಆರೈಕೆಗೆ 2020ರ ಜನವರಿ 1ರಿಂದ 30 ದಿನಗಳ ಅವಧಿ ಲೆಕ್ಕದಲ್ಲಿ ಹಣ ನೀಡುತ್ತದೆ. ಇಲ್ಲಿ ಹೆಚ್ಚಾಗಿ ಕುಟುಂಬವೇ ಕೊಡಬೇಕು. ಭಾರತದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ಭರಿಸಿದ ಪಾಲು 2021–22ರಲ್ಲಿ ಶೇ. 39.4.

4. ಮಾದರಿ ಲೆಕ್ಕ (ಅಂಕಿಗಳು ಕಲ್ಪಿತ)

ದರ ₹600; ಚರ ವೆಚ್ಚ ₹300; ಪ್ರತಿ ಭೇಟಿಯ ಕೊಡುಗೆ ₹300. ತಿಂಗಳ ಸ್ಥಿರ ವೆಚ್ಚ ₹90,000. ಬ್ರೇಕ್-ಈವನ್ 300 ಭೇಟಿ. ಇಬ್ಬರು ನರ್ಸ್, 25 ದಿನ, ದಿನಕ್ಕೆ 480 ನಿಮಿಷ, ಪ್ರತಿ ಮನೆಯಲ್ಲಿ 40 ನಿಮಿಷ ಆರೈಕೆ.

- ಪ್ರಯಾಣ 40 ನಿಮಿಷ: ಒಬ್ಬರಿಗೆ ದಿನಕ್ಕೆ 6 ಭೇಟಿ, ತಿಂಗಳಿಗೆ 300. ಲಾಭವೂ ಇಲ್ಲ, ನಷ್ಟವೂ ಇಲ್ಲ.
- ಪ್ರಯಾಣ 60 ನಿಮಿಷ (ಮಳೆಗಾಲ): 4 ಭೇಟಿ, ತಿಂಗಳಿಗೆ 200. ಕೊರತೆ ₹30,000.
- ಪ್ರಯಾಣ 20 ನಿಮಿಷ: 8 ಭೇಟಿ, ತಿಂಗಳಿಗೆ 400. ಉಳಿತಾಯ ₹30,000.

ಮೂರೂ ಸಂದರ್ಭದಲ್ಲಿ ದರ ಒಂದೇ, ನರ್ಸ್‌ಗಳೂ ಇಬ್ಬರೇ. ಬದಲಾದದ್ದು ದಾರಿಯ ಸಮಯ ಮಾತ್ರ. ಹಾಗಾಗಿ ಬಡ ಕುಟುಂಬದ ಮೇಲೆ ದರದ ಹೊರೆ ಹೇರುವ ಮುನ್ನ ಭೇಟಿಗಳನ್ನು ಮಾರ್ಗವಾರು ಜೋಡಿಸಬೇಕು: ಸಾಸ್ತಾನ–ಸಾಲಿಗ್ರಾಮ–ಕೋಟ ಒಂದು ಸಾಲು, ತೆಕ್ಕಟ್ಟೆ–ಕೋಟೇಶ್ವರ–ಕುಂದಾಪುರ ಇನ್ನೊಂದು, ಕಿರಿಮಂಜೇಶ್ವರ–ನಾಗೂರು–ಉಪ್ಪುಂದ ಮತ್ತೊಂದು.

5. ಸಿಬ್ಬಂದಿ ವೆಚ್ಚ

- 24 ಗಂಟೆಯ ಆರೈಕೆಗೆ 8 ಗಂಟೆಯಂತೆ ವಾರಕ್ಕೆ 21 ಪಾಳಿ. ಒಬ್ಬರಿಗೆ 6 ಪಾಳಿ, ಅಂದರೆ 48 ಗಂಟೆ. ಒಬ್ಬ ರೋಗಿಗೆ 3.5 ಜನ, ಇಬ್ಬರಿಗೆ 7 ಜನ. ರಜೆಗೆ ಬದಲಿಯವರು ಬೇರೆ.
- ರೋಗಿಯ ಮನೆಯಲ್ಲೇ ಉಳಿಯುವ ಹೋಂ ನರ್ಸ್‌ಗೂ ವಾರದ ರಜೆ, ನಿದ್ದೆ, ಸುರಕ್ಷಿತ ಜಾಗ ಬೇಕು. ಇವುಗಳ ವೆಚ್ಚ ಬಿಟ್ಟು ತೋರಿಸಿದ ಲಾಭ ಲಾಭವೇ ಅಲ್ಲ. ದಣಿದವರು ಬಿಟ್ಟುಹೋದರೆ ಹೊಸಬರ ತರಬೇತಿಗೆ ಮತ್ತೆ ಖರ್ಚು.
- 10 ಮಂದಿ ಆದರೆ ಇಎಸ್‌ಐ: ಉದ್ಯೋಗದಾತರ ಪಾಲು ಶೇ. 3.25, ನೌಕರರದು ಶೇ. 0.75 (2019ರ ಜುಲೈಯಿಂದ). 20 ಮಂದಿಗೆ ಪಿಎಫ್: ಸಾಮಾನ್ಯವಾಗಿ ಇಬ್ಬರಿಂದಲೂ ಶೇ. 12. ಹತ್ತನೆಯ, ಇಪ್ಪತ್ತನೆಯ ನೇಮಕದ ತಿಂಗಳನ್ನು ಮುನ್ನಂದಾಜಿನಲ್ಲಿ ಗುರುತಿಸಿಡಬೇಕು.

6. ನಗದು ಹರಿವು ಮತ್ತು ಮೀಸಲು

- ವಸೂಲಿ ದಿನಗಳು = ಬರಬೇಕಾದ ಬಾಕಿ ÷ ತಿಂಗಳ ಬಿಲ್ × 30. ಬಿಲ್ ₹3,00,000, ಬಾಕಿ ₹1,50,000 ಆದರೆ 15 ದಿನ.
- ಲಾಭ ಕಾಗದದಲ್ಲಿದ್ದರೂ ಹಣ ಕೈಗೆ ಬಾರದಿದ್ದರೆ ಸಂಬಳ ನಿಲ್ಲುತ್ತದೆ. ವಾರದ ಬಿಲ್, ಯುಪಿಐ ಪಾವತಿ, ಪರಊರಿನ ಮಕ್ಕಳಿಂದ 15 ದಿನಗಳ ಮುಂಗಡ ಉತ್ತಮ ಕ್ರಮ.
- ಜಿಲ್ಲೆಯ ವಾರ್ಷಿಕ ಮಳೆ ಸುಮಾರು 4,000 ಮಿ.ಮೀ.; ಹೆಚ್ಚಿನ ಪಾಲು ಜೂನ್–ಸೆಪ್ಟೆಂಬರ್‌ನಲ್ಲಿ. ಮೂರು ತಿಂಗಳ ಕೊರತೆ ₹90,000 ಎಂದಾದರೆ ಉಳಿದ 9 ತಿಂಗಳು ₹10,000ದಂತೆ ತೆಗೆದಿಡಬೇಕು. 25 ದಿನಕ್ಕೆ ಹಂಚಿದರೆ ದಿನಕ್ಕೆ ₹400.
- ದಿನದ ಸಣ್ಣ ಉಳಿತಾಯದ ಪಾಠ ಈ ಜಿಲ್ಲೆಯದೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈ ಸ್ವತಃ ವೈದ್ಯರು. 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದವರು.

7. ತೆರಿಗೆ ಮತ್ತು ಬಂಡವಾಳ

- ವೈದ್ಯರು, ಅರೆವೈದ್ಯಕೀಯ ಸಿಬ್ಬಂದಿ, ಚಿಕಿತ್ಸಾ ಸಂಸ್ಥೆ ನೀಡುವ ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ (2017ರ ಅಧಿಸೂಚನೆ 12). ಬರೀ ಆಳು ಒದಗಿಸುವ ಸೇವೆಗೆ, ಪ್ರತ್ಯೇಕ ಉಪಕರಣ ಬಾಡಿಗೆಗೆ ಅದು ತಾನಾಗಿ ಸಿಗದು.
- ವಿನಾಯಿತಿ ಸೇವೆಗೆಂದು ಕೊಂಡ ವಸ್ತುಗಳ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ಆ ತೆರಿಗೆಯನ್ನು ವೆಚ್ಚಕ್ಕೆ ಸೇರಿಸಬೇಕು.
- ಮುದ್ರಾ ಸಾಲ ಯೋಜನೆ (2015): ಶಿಶು ₹50,000ದವರೆಗೆ, ಕಿಶೋರ್ ₹5 ಲಕ್ಷ, ತರುಣ್ ₹10 ಲಕ್ಷ. ತರುಣ್ ಸಾಲ ತೀರಿಸಿದವರಿಗೆ ತರುಣ್ ಪ್ಲಸ್ ₹20 ಲಕ್ಷ.
- ತರಬೇತಿ: 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಕೇಂದ್ರ ಬ್ರಹ್ಮಾವರದಲ್ಲಿದೆ.
- ಆಕ್ಸಿಜನ್ ಕಾನ್ಸಂಟ್ರೇಟರ್, ಏರ್ ಬೆಡ್‌ನಂಥ ಉಪಕರಣಕ್ಕೆ ಅವಧಿ ಸಾಲ. ಸಂಬಳದ ಅಂತರ ತುಂಬಲು ದುಡಿಯುವ ಬಂಡವಾಳ. ಒಂದರ ಹಣ ಇನ್ನೊಂದಕ್ಕೆ ಬಳಸಬಾರದು.

8. ಒಂದು ಅಂಕದ ಪ್ರಶ್ನೆಗಳು

- ಯೋಜನೆಯ ಮೂಲ ಘಟಕ? — ಭೇಟಿ ಮತ್ತು ಪಾಳಿ.
- ಲಾಭ ಹೆಚ್ಚಿಸುವ ಮೊದಲ ದಾರಿ? — ಮಾರ್ಗವಾರು ಜೋಡಣೆ.
- ಮುಂಗಡ ಯಾವ ಖಾತೆಗೆ? — ಹೊಣೆಗೆ.
- ಕರಾವಳಿಯ ಮುಖ್ಯ ಋತು ಅಪಾಯ? — ಮುಂಗಾರು.
- ಮುನ್ನಂದಾಜಿನ ಅಂತಿಮ ಉದ್ದೇಶ? — ಹಾಸಿಗೆ ಹಿಡಿದವರಿಗೆ ಮುಂದಿನ ತಿಂಗಳೂ ಆರೈಕೆ, ಆರೈಕೆ ಮಾಡಿದವರಿಗೆ ಹೇಳಿದ ದಿನಕ್ಕೆ ಸಂಬಳ.