ಹಳೆಯ ಕ್ರಿಕೆಟ್ ಕಾರ್ಡು ಕಾಪಾಡುವ ಬಗೆ

ಬಿಗ್ ಫನ್ ಬಬಲ್‌ಗಮ್ ಜತೆ ಬರುತ್ತಿದ್ದ ಕ್ರಿಕೆಟ್ ಕಾರ್ಡು, ಡಬ್ಲ್ಯುಡಬ್ಲ್ಯುಎಫ್ ಕುಸ್ತಿಪಟುಗಳ ಟ್ರಂಪ್ ಕಾರ್ಡು 1990ರ ದಶಕದ ಮಕ್ಕಳ ಆಸ್ತಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳ ಅಟ್ಟದಲ್ಲಿ ಇಂಥ ಕಟ್ಟು ಇನ್ನೂ ಸಿಕ್ಕೀತು. ರದ್ದಿಗೆ ಹಾಕುವ ಮುನ್ನ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಅದೇ ಒಳ್ಳೆಯ ಸಂಗ್ರಹವಾಗುತ್ತದೆ.

ಮೊದಲು ರಬ್ಬರ್ ಬ್ಯಾಂಡ್ ತೆಗೆಯಬೇಕು. ಹಳೆಯದಾದಂತೆ ಅದು ಕರಗಿ ಕಾರ್ಡಿಗೆ ಅಂಟಿಕೊಳ್ಳುತ್ತದೆ, ಅಂಚನ್ನೂ ಕೊರೆಯುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಅಂಚು ಹಿಡಿದು ಒಂದೊಂದನ್ನೇ ಬಿಡಿಸಬೇಕು. ಧೂಳಿಗೆ ಒಣ ಮೆತ್ತನೆಯ ಬ್ರಷ್ ಸಾಕು, ಒದ್ದೆ ಬಟ್ಟೆ ಕೂಡದು. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬಾರದು. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಕಾರ್ಡು ಕೆಡದಂತೆ ಕೀಳಲಾಗದು.

ಸಿಕ್ಕಿದ್ದೆಲ್ಲ ಕೂಡಿಹಾಕುವುದಕ್ಕಿಂತ ಒಂದು ಎಳೆ ಹಿಡಿಯುವುದು ಲೇಸು. ಗದಗಿನವರು ಆ ಎಳೆಗಾಗಿ ದೂರ ಹೋಗಬೇಕಿಲ್ಲ. 1970ರಲ್ಲಿ ಇಲ್ಲಿ ಹುಟ್ಟಿದ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ, ಹುಡುಗನಿದ್ದಾಗ ಅಭ್ಯಾಸಕ್ಕೆಂದು ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದವರು. ಭಾರತಕ್ಕೆ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಅವರು ಹಾಕಿದ್ದು 10 ಓವರ್, 6 ಮೇಡನ್. ಕೊಟ್ಟದ್ದು ಬರೀ 6 ರನ್, ಕಿತ್ತದ್ದು 5 ವಿಕೆಟ್! ಅವರ ಕಾಲದ ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್, ದ್ರಾವಿಡ್ ಕಾರ್ಡುಗಳನ್ನು ಒಂದೆಡೆ ಜೋಡಿಸಿದರೆ ಕರ್ನಾಟಕದ ಸುವರ್ಣ ಪೀಳಿಗೆಯೇ ಆಲ್ಬಮ್ಮಿಗೆ ಬಂದಂತೆ.

ಟ್ರೇಡಿಂಗ್ ಕಾರ್ಡಿನ ರೂಢಿಯ ಅಳತೆ 2.5 ಇಂಚು ಅಗಲ, 3.5 ಇಂಚು ಉದ್ದ. ಪೋಕರ್ ಎಲೆಯದೂ ಅಷ್ಟೇ. ಇದಕ್ಕೆಂದೇ 9 ಜೇಬಿನ ಹಾಳೆಗಳು ಸಿಗುತ್ತವೆ. ಪಾಲಿಪ್ರೊಪಿಲೀನ್‌ನದೇ ಕೇಳಿ ಕೊಳ್ಳಬೇಕು. ಪಿವಿಸಿ ಹಾಳೆ ವರ್ಷಗಳು ಕಳೆದಂತೆ ಮುದ್ರಣವನ್ನು ಕೆಡಿಸುತ್ತದೆ. ಆಲ್ಬಮ್ಮನ್ನು ಬಿಸಿಲು ಬೀಳದ ಕಪಾಟಿನಲ್ಲಿ, ಮಳೆಗಾಲದಲ್ಲಿ ತಣ್ಣಗಾಗುವ ಗೋಡೆಯಿಂದ ದೂರ ಇಡುವುದು. ಜತೆಗೆ ಸಿಲಿಕಾ ಜೆಲ್ ಪೊಟ್ಟಣ. ಪ್ರತಿ ಕಾರ್ಡಿನ ಆಟಗಾರ, ವರ್ಷ, ಯಾರಿಂದ ಬಂತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಕಾರ್ಡಿನ ಬೆನ್ನ ಮೇಲಲ್ಲ.

ಕೊಳ್ಳುವಾಗ ನಕಲಿಯ ಭಯವಿದೆ. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಅವಳಿ ನಗರ. ಪರಿಚಯದ ಪ್ರೆಸ್ಸಿನವರ ಹತ್ತಿರ ಭೂತಗನ್ನಡಿ ಇದ್ದೇ ಇರುತ್ತದೆ. ಅದರಡಿ ಆಫ್‌ಸೆಟ್ ಮುದ್ರಣದ ಚುಕ್ಕೆಗಳು ಸಾಲುಸಾಲಾಗಿ ಕಾಣುತ್ತವೆ. ಮನೆಯ ಇಂಕ್‌ಜೆಟ್ ಪ್ರಿಂಟರಿನವು ಎರಚಿದಂತಿರುತ್ತವೆ.

ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಶತಮಾನದ ಹಿಂದಿನ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಅದು ಬಲು ಕಡಿಮೆ ಅಚ್ಚಾಗಿದ್ದ ಕಾರ್ಡು. ಬಬಲ್‌ಗಮ್ ಕಾರ್ಡಿಗೂ ಅಂಥ ಬೆಲೆ ಬಂದೀತೆಂದು ಸಾಲ ಮಾಡಿ ಕೊಳ್ಳಬೇಡಿ. ಮಾರುವವರು ಹೇಳುವ ಬೆಲೆ ಬೇರೆ, ಅಂಥದೇ ಕಾರ್ಡು ಈಚೆಗೆ ನಿಜಕ್ಕೂ ಮಾರಾಟವಾದ ಬೆಲೆ ಬೇರೆ. ಎರಡನೆಯದು ತಿಳಿದ ಮೇಲೆಯೇ ದುಡ್ಡು ಕೊಡಿ.