ಹಳೆಯ ಯಂತ್ರ, ಹೊಸ ಆಯ್ಕೆ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿವೆ. ಶಾಲಾ ಶಿಕ್ಷಣದ ಆಡಳಿತದಲ್ಲಿ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಹಿಂದೆ ನಿಡುಗಲ್ಲಿನ ಚೋಳರು ಆಳಿದ ಈ ಸೀಮೆಯಲ್ಲಿ ಬೆಟ್ಟಗಳೂ ಕೋಟೆಗಳೂ ಹೆಚ್ಚು, ಮಳೆ ಕಡಿಮೆ. ಹರಿದುಹೋಗುವ ನೀರಿಗೆ ಅಡ್ಡಲಾಗಿ ಏರಿ ಕಟ್ಟಿ, ಕೆರೆಗಳನ್ನು ಮಾಡಿ, ಇದ್ದುದನ್ನು ಹಾಳುಮಾಡದೆ ಬಳಸುವ ಕ್ರಮವನ್ನು ಇಲ್ಲಿಯ ಹಿರಿಯರು ಬಹುಕಾಲದಿಂದ ಬಲ್ಲರು. ಆ ಹಳೆಯ ವಿವೇಕವನ್ನು ಇಂದು ಹೊಸದೊಂದು ವಸ್ತುವಿನ ವಿಷಯದಲ್ಲಿ ಪ್ರಯೋಗಿಸಬೇಕಾಗಿ ಬಂದಿದೆ. ಆ ವಸ್ತುವೇ ಗಣಕಯಂತ್ರ.

ಈ ಸೀಮೆಯ ಒಂದು ಪ್ರೌಢಶಾಲೆಯನ್ನು ಭಾವಿಸಿಕೊಳ್ಳೋಣ. ಅದರ ಒಂದು ಕೊಠಡಿಯಲ್ಲಿ ಹತ್ತು ಗಣಕಯಂತ್ರಗಳಿವೆ. ಕೊಂಡು ಹತ್ತು ವರ್ಷಗಳಾಗಿವೆ. ಪರದೆ ಬೆಳಗುತ್ತದೆ, ಕೀಲಿಮಣೆ ಕೆಲಸ ಮಾಡುತ್ತದೆ, ಮಕ್ಕಳ ಬೆರಳು ಅವುಗಳಿಗೆ ಒಗ್ಗಿದೆ. ಆದರೂ ಆ ಯಂತ್ರಗಳ ಆಯುಷ್ಯ ಮುಗಿಯಿತೆಂದು ಕೆಲವರು ಹೇಳುತ್ತಾರೆ. ಅವರ ಮಾತಿಗೆ ಕಾರಣವುಂಟು. ಅವುಗಳಲ್ಲಿರುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆ. 2015ರಲ್ಲಿ ಹೊರಬಂದ ಈ ವ್ಯವಸ್ಥೆಗೆ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು.

ಕಾರ್ಯಾಚರಣ ವ್ಯವಸ್ಥೆ ಎಂದರೇನು? ಗಣಕದ ಬಿಡಿಭಾಗಗಳು ತಮ್ಮಷ್ಟಕ್ಕೆ ತಾವೇ ಏನನ್ನೂ ಮಾಡಲಾರವು. ಸ್ಮೃತಿಕೋಶವನ್ನು ಯಾವ ಕೆಲಸಕ್ಕೆ ಎಷ್ಟು ಹಂಚಬೇಕು, ಒತ್ತಿದ ಅಕ್ಷರವನ್ನು ಪರದೆಗೆ ಹೇಗೆ ತಲುಪಿಸಬೇಕು, ಕಡತವನ್ನು ಎಲ್ಲಿ ಇಡಬೇಕು ಎಂಬುದನ್ನೆಲ್ಲ ನಿಯಂತ್ರಿಸುವ ಮೂಲ ತಂತ್ರಾಂಶವೊಂದು ಬೇಕು. ಕೆರೆಯ ತೂಬನ್ನು ಕಾಯುವ ನೀರುಗಂಟಿಯು ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ನಿರ್ಧರಿಸುವಂತೆ, ಈ ತಂತ್ರಾಂಶವು ಯಂತ್ರದ ಶಕ್ತಿಯನ್ನು ಹಂಚುತ್ತದೆ. ಅದರಲ್ಲಿ ದೋಷಗಳಿದ್ದರೆ ದುಷ್ಟರು ಆ ಬಿರುಕುಗಳ ಮೂಲಕ ಒಳನುಗ್ಗಬಹುದು. ಆದ್ದರಿಂದ ಕಾಲಕಾಲಕ್ಕೆ ತಿದ್ದುಪಡಿಗಳು ಬರುತ್ತಿರಬೇಕು. ಬೆಂಬಲ ನಿಂತಿತೆಂದರೆ ಯಂತ್ರವು ಆ ದಿನವೇ ನಿಂತುಹೋಗುವುದಿಲ್ಲ. ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ ಎಂದರ್ಥ. ಇನ್ನಷ್ಟು ಕಾಲ ತಿದ್ದುಪಡಿಗಳನ್ನು ಪಡೆಯುವ ಏರ್ಪಾಡನ್ನು ಸಂಸ್ಥೆಯು ಮಾಡಿದೆಯಾದರೂ ಅದು ತಾತ್ಕಾಲಿಕ.

ಮುಂದಿನ ಆವೃತ್ತಿಯಾದ ವಿಂಡೋಸ್ 11ನ್ನು ಹಾಕಿಕೊಳ್ಳಬಹುದಲ್ಲವೆ ಎಂದು ಕೇಳಬಹುದು. 2021ರಲ್ಲಿ ಬಂದ ಆ ವ್ಯವಸ್ಥೆಗೆ ಕನಿಷ್ಠ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹಸ್ಥಳ, ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಮತ್ತು ಸಂಸ್ಥೆಯು ಒಪ್ಪಿದ ಪಟ್ಟಿಯಲ್ಲಿರುವ ಸಂಸ್ಕಾರಕ ಬೇಕು. 2017ಕ್ಕಿಂತ ಹಿಂದೆ ತಯಾರಾದ ಬಹುಪಾಲು ಯಂತ್ರಗಳ ಸಂಸ್ಕಾರಕಗಳು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಶಾಲೆಯ ಮುಂದೆ ಉಳಿಯುವ ದಾರಿಗಳು ಮೂರು: ರಕ್ಷಣೆಯಿಲ್ಲದೆ ಹಳೆಯದನ್ನೇ ಮುಂದುವರಿಸುವುದು, ಹತ್ತು ಹೊಸ ಯಂತ್ರಗಳನ್ನು ಕೊಳ್ಳುವುದು, ಇಲ್ಲವೆ ಇದ್ದ ಯಂತ್ರಗಳಲ್ಲಿ ಬೇರೊಂದು ವ್ಯವಸ್ಥೆಯನ್ನು ನೆಲೆಗೊಳಿಸುವುದು. ಮೊದಲನೆಯದು ಅಪಾಯಕರ, ಎರಡನೆಯದಕ್ಕೆ ಹಣ ಬೇಕು. ಮೂರನೆಯ ದಾರಿಯ ಹೆಸರು ಲಿನಕ್ಸ್.

ಲಿನಕ್ಸ್‌ನ ಕಥೆ ಸ್ವಾರಸ್ಯವಾದುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬ ತಂತ್ರಜ್ಞರು ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬಳಸುವವನಿಗೆ ಅದನ್ನು ಓಡಿಸುವ, ಅದರ ಮೂಲಬರಹವನ್ನು ಓದಿ ತಿದ್ದುವ, ಪ್ರತಿಗಳನ್ನು ಹಂಚುವ ಮತ್ತು ತಿದ್ದಿದುದನ್ನೂ ಹಂಚುವ ಸ್ವಾತಂತ್ರ್ಯವಿರಬೇಕೆಂಬುದು ಅವರ ತತ್ತ್ವ. 1991ರ ಆಗಸ್ಟ್ 25ರಂದು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸುತ್ತಿರುವುದಾಗಿ ಪ್ರಕಟಿಸಿದನು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಆ ತಿರುಳಿನೊಡನೆ ಗ್ನೂ ಯೋಜನೆಯ ಉಪಕರಣಗಳು ಸೇರಿ ಪೂರ್ಣ ವ್ಯವಸ್ಥೆಯಾಯಿತು. ಡೆಬಿಯನ್, ಉಬುಂಟು ಮೊದಲಾದ ಹಲವು ರೂಪಗಳಲ್ಲಿ ಅದು ಇಂದು ದೊರೆಯುತ್ತದೆ. ಭಾರತದ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ದೇಶಭಾಷೆಗಳಿಗಾಗಿ ರೂಪಿಸಿದ ‘ಬಾಸ್’ ಕೂಡ ಲಿನಕ್ಸ್‌ನ ಒಂದು ರೂಪವೇ. ಕೈಯಲ್ಲಿ ಹಿಡಿಯುವ ಆಂಡ್ರಾಯ್ಡ್ ದೂರವಾಣಿಯ ಒಳತಿರುಳು ಸಹ ಲಿನಕ್ಸ್. ಜಗತ್ತಿನ ಅತಿ ಶಕ್ತಿಶಾಲಿಯಾದ ಐನೂರು ಗಣಕಗಳ ಪಟ್ಟಿಯಲ್ಲಿ 2017ರಿಂದ ಈಚೆಗೆ ಎಲ್ಲವೂ ಲಿನಕ್ಸ್‌ನಿಂದಲೇ ನಡೆಯುತ್ತಿವೆ.

ಹಾಗಾದರೆ ಎಲ್ಲರೂ ಒಡನೆಯೇ ಲಿನಕ್ಸ್‌ಗೆ ಬದಲಾಗಬೇಕೆ? ಆತುರದ ಉತ್ತರ ಇಲ್ಲಿ ಸಲ್ಲದು. ವಿಂಡೋಸ್‌ನ ಗುಣಗಳನ್ನೂ ನ್ಯಾಯವಾಗಿ ತೂಗಿ ನೋಡಬೇಕು. ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಲೆಕ್ಕಪತ್ರಕ್ಕೆ ಬಳಸುವ ಟ್ಯಾಲಿಯಂತಹ ತಂತ್ರಾಂಶಗಳು ವಿಂಡೋಸ್‌ಗಾಗಿಯೇ ಸಿದ್ಧವಾದವು. ಮುದ್ರಣಯಂತ್ರವನ್ನು ತಯಾರಿಸುವವರು ಮೊದಲು ನೆನೆಯುವುದು ವಿಂಡೋಸನ್ನೇ. ಯಂತ್ರ ಕೆಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಅದನ್ನು ಬಲ್ಲವರು ಸುಲಭವಾಗಿ ದೊರೆಯುತ್ತಾರೆ. ನಾಳೆ ಕೆಲಸಕ್ಕೆ ಸೇರುವ ವಿದ್ಯಾರ್ಥಿಗೆ ಅದರ ಪರಿಚಯವಿರುವುದು ಅನುಕೂಲವೆಂಬ ಮಾತೂ ಸುಳ್ಳಲ್ಲ.

ಇನ್ನು ಕನ್ನಡದ ಪ್ರಶ್ನೆ. ನುಡಿ, ಬರಹ ಮುಂತಾದ ತಂತ್ರಾಂಶಗಳು ಕನ್ನಡಿಗರಿಗೆ ಗಣಕದಲ್ಲಿ ತಮ್ಮ ಭಾಷೆಯನ್ನು ಬರೆಯುವ ಸೌಲಭ್ಯವನ್ನು ಮಾಡಿಕೊಟ್ಟವು. ಅವು ಬೆಳೆದದ್ದು ವಿಂಡೋಸ್‌ನ ಆಶ್ರಯದಲ್ಲಿ. ಅವುಗಳ ಹಳೆಯ ಅಕ್ಷರ ಸಂಕೇತದಲ್ಲಿ ಬೆರಳಚ್ಚು ಮಾಡಿದ ಕಡತವನ್ನು, ತಕ್ಕ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳೂ ಸುತ್ತೋಲೆಗಳೂ ಆ ರೂಪದಲ್ಲಿದ್ದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಯೂನಿಕೋಡ್ ಎಂಬುದು ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಬಗೆಯ ಸಂಕೇತವನ್ನು ಗೊತ್ತುಪಡಿಸುವ ವ್ಯವಸ್ಥೆ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರಕಿತು. ಯೂನಿಕೋಡ್‌ನಲ್ಲಿ ಬರೆದ ಕನ್ನಡವು ಎರಡೂ ವ್ಯವಸ್ಥೆಗಳಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯನ್ನು ಬಳಸಿದವರಿಗೆ ಪರಿಚಿತವಾದ ಕೀಲಿಮಣೆ ವಿನ್ಯಾಸವು ಲಿನಕ್ಸ್‌ನಲ್ಲಿಯೂ ಉಂಟು. ಕನ್ನಡದ ಉತ್ಸಾಹಿಗಳು ರಚಿಸಿ ಎಲ್ಲರಿಗೂ ಬಿಟ್ಟುಕೊಟ್ಟ ‘ಗುಬ್ಬಿ’, ‘ನವಿಲು’ ಎಂಬ ಅಕ್ಷರಶೈಲಿಗಳೂ ಅಲ್ಲಿ ದೊರೆಯುತ್ತವೆ. ಆದ್ದರಿಂದ ತೊಡಕು ಇರುವುದು ಹಳೆಯ ಕಡತಗಳಲ್ಲಿ. ಮುಂದೆ ಬರೆಯುವುದರಲ್ಲಿ ಅಲ್ಲ.

ಇಂತಹ ಬದಲಾವಣೆಯನ್ನು ಮಾಡಿ ನೋಡಿದವರ ಅನುಭವದಿಂದ ಕಲಿಯುವುದು ಜಾಣತನ. ನೆರೆಯ ಕೇರಳವು 2001ರಲ್ಲಿ ‘ಐ.ಟಿ. ಅಟ್ ಸ್ಕೂಲ್’ ಎಂಬ ಯೋಜನೆಯನ್ನು ಆರಂಭಿಸಿತು. ಆ ದಶಕ ಮುಗಿಯುವುದರೊಳಗೆ ಅಲ್ಲಿಯ ಪ್ರೌಢಶಾಲೆಗಳ ಗಣಕ ಶಿಕ್ಷಣವು ವಿಂಡೋಸನ್ನು ಬಿಟ್ಟು ಲಿನಕ್ಸ್‌ಗೆ ಬದಲಾಯಿತು. 2017ರಲ್ಲಿ ಆ ಯೋಜನೆಯು ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಗಿ ಬೆಳೆಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ ಗಣಕವನ್ನು ಕಲಿಯುತ್ತಾರೆ. ಆ ವಿಷಯದ ಪಠ್ಯಪುಸ್ತಕ ಅವರಿಗೆ ಕನ್ನಡದಲ್ಲಿದೆ. ಕರ್ನಾಟಕದಲ್ಲಿಯೂ 2011ರ ನಂತರ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದ ಮೂಲಕ ಸರ್ಕಾರಿ ಪ್ರೌಢಶಾಲೆಗಳ ಅನೇಕ ಶಿಕ್ಷಕರು ಉಬುಂಟುವಿನ ಬಳಕೆಯನ್ನು ಅಭ್ಯಾಸ ಮಾಡಿದರು.

ಜರ್ಮನಿಯ ಮ್ಯೂನಿಕ್ ನಗರದ ಅನುಭವ ಬೇರೆ ಬಗೆಯದು. ಅಲ್ಲಿಯ ನಗರಾಡಳಿತವು 2003ರಲ್ಲಿ ಲಿನಕ್ಸನ್ನು ಆರಿಸಿಕೊಂಡು, ಹತ್ತು ವರ್ಷಗಳಲ್ಲಿ ಸುಮಾರು 15,000 ಗಣಕಗಳನ್ನು ಬದಲಾಯಿಸಿತು. ಆದರೆ ಹೊರಗಿನವರೊಡನೆ ಕಡತಗಳ ವಿನಿಮಯದಲ್ಲಿ ತೊಂದರೆಗಳಾದವು. ನೌಕರರಿಂದ ದೂರುಗಳು ಬಂದವು. 2017ರಲ್ಲಿ ನಗರಸಭೆಯು ಮರಳಿ ವಿಂಡೋಸ್‌ಗೆ ಹೋಗಲು ತೀರ್ಮಾನಿಸಿತು. ಕೇರಳದಲ್ಲಿ ಶಿಕ್ಷಕರ ತರಬೇತಿ, ಪಠ್ಯಪುಸ್ತಕ, ಪರೀಕ್ಷೆ ಮೂರೂ ಹೊಸ ವ್ಯವಸ್ಥೆಗೆ ಹೊಂದಿಕೊಂಡಿದ್ದವು. ಮ್ಯೂನಿಕ್ ಆಡಳಿತದ ದಿನನಿತ್ಯದ ವ್ಯವಹಾರವು ವಿಂಡೋಸನ್ನೇ ಬಳಸುವ ಹೊರಗಿನವರೊಡನೆ ನಡೆಯಬೇಕಾಗಿತ್ತು. ತಂತ್ರಾಂಶದ ಯೋಗ್ಯತೆಯೊಂದೇ ಸಾಲದು. ಅದನ್ನು ಬಳಸುವವರ ಸಿದ್ಧತೆಯೂ ಕೆಲಸದ ಸ್ವರೂಪವೂ ಅಷ್ಟೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಲಿನಕ್ಸ್ ಉಚಿತವಾಗಿ ದೊರೆಯುತ್ತದೆ ಎಂಬುದೇ ಅದರ ದೊಡ್ಡ ಗುಣವೆಂದು ಅನೇಕರು ತಿಳಿಯುತ್ತಾರೆ. ಅದು ಅರ್ಧ ಸತ್ಯ. ಊರ ಕೆರೆಯ ನೀರಿಗೆ ಬೆಲೆಯಿಲ್ಲ. ಹಾಗೆಂದು ಕೆರೆಗೆ ಖರ್ಚೇ ಇಲ್ಲವೆ? ಹೂಳೆತ್ತಬೇಕು, ಏರಿಯನ್ನು ಭದ್ರಪಡಿಸಬೇಕು, ತೂಬನ್ನು ಕಾಯಬೇಕು. ಊರವರು ಕೈಜೋಡಿಸದಿದ್ದರೆ ಎಲ್ಲರ ಕೆರೆಯು ಯಾರಿಗೂ ಬಾರದ ಬಯಲಾಗುತ್ತದೆ. ಲಿನಕ್ಸ್ ಕೂಡ ಹಾಗೆಯೇ. ಕಲಿಯಲು ಸಮಯ ಬೇಕು, ಕಲಿಸುವವರು ಬೇಕು, ತೊಡಕು ಬಂದಾಗ ಹುಡುಕಿ ತಿಳಿಯುವ ತಾಳ್ಮೆ ಬೇಕು. ಆ ಶ್ರಮಕ್ಕೆ ಪ್ರತಿಫಲವೂ ಉಂಟು. ಕುತೂಹಲವಿರುವ ವಿದ್ಯಾರ್ಥಿಯು ಅದರ ಮೂಲಬರಹವನ್ನು ತೆರೆದು, ಯಂತ್ರವು ಹೇಗೆ ಯೋಚಿಸುತ್ತದೆಂಬುದನ್ನು ಕಣ್ಣಾರೆ ನೋಡಬಹುದು. ಬಳಸಲು ಕಲಿತವನು ಕಟ್ಟಲೂ ಕಲಿಯುವ ಅವಕಾಶ ಅಲ್ಲಿದೆ.

ಮತ್ತೊಂದು ಮಾತನ್ನು ಮರೆಯಬಾರದು. ವಿಂಡೋಸ್ ಬೇಕೆನ್ನುವವರು ಅದರ ಪರವಾನಗಿಗೆ ಬೆಲೆ ಕೊಡಬೇಕು. ಕಳ್ಳಪ್ರತಿಯನ್ನು ಹಾಕಿಕೊಂಡು ಉಳಿತಾಯವಾಯಿತೆಂದು ಹಿಗ್ಗುವುದು ತರವಲ್ಲ. ಪ್ರಾಮಾಣಿಕತೆಯನ್ನು ಬೋಧಿಸುವ ಶಾಲೆಯಲ್ಲಿ ಕಳ್ಳಪ್ರತಿಯೊಂದು ಇದ್ದರೆ, ಬೋಧನೆಗಿಂತ ಆ ಪ್ರತಿಯೇ ಮಕ್ಕಳಿಗೆ ಹೆಚ್ಚಿನ ಪಾಠವನ್ನು ಕಲಿಸೀತು. ಬೆಲೆ ಕೊಟ್ಟು ಕೊಳ್ಳುವುದು ಗೌರವದ ದಾರಿ. ಹಂಚಿಕೊಳ್ಳಲೆಂದೇ ರಚಿಸಿದ್ದನ್ನು ಪಡೆಯುವುದೂ ಗೌರವದ ದಾರಿಯೇ.

ಈಗ ಆ ಶಾಲೆಯು ಏನು ಮಾಡಬೇಕು? ಮೊದಲು, ಗಣಕಗಳಲ್ಲಿ ನಿತ್ಯ ನಡೆಯುವ ಕೆಲಸಗಳನ್ನು ಪಟ್ಟಿ ಮಾಡಬೇಕು. ಬರೆಯುವುದು, ಲೆಕ್ಕದ ಕೋಷ್ಟಕ, ಅಂತರ್ಜಾಲ ವೀಕ್ಷಣೆ, ರೇಖಾಗಣಿತಕ್ಕೆ ಜಿಯೋಜೀಬ್ರಾ, ಆಕಾಶ ವೀಕ್ಷಣೆಗೆ ಸ್ಟೆಲ್ಲೇರಿಯಂ — ಇಷ್ಟೇ ಆದರೆ ಇವೆಲ್ಲವನ್ನೂ ಲಿನಕ್ಸ್‌ನಲ್ಲಿ ಮಾಡಬಹುದು. ಬಳಿಕ, ಮುಖ್ಯ ಕಡತಗಳೆಲ್ಲದರ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಈ ಎಚ್ಚರವಿಲ್ಲದೆ ಮುಂದಿನ ಹೆಜ್ಜೆ ಇಡಕೂಡದು. ಆನಂತರ ಪೆನ್‌ಡ್ರೈವ್‌ನಿಂದಲೇ ಲಿನಕ್ಸನ್ನು ನಡೆಸಿ, ಯಂತ್ರದಲ್ಲಿ ಏನನ್ನೂ ಅಳಿಸದೆ ಪರೀಕ್ಷಿಸಬಹುದು. ಪರದೆ, ಧ್ವನಿ, ಮುದ್ರಣಯಂತ್ರ, ಕನ್ನಡ ಕೀಲಿಮಣೆ ಸರಿಯಾಗಿವೆಯೆ ಎಂದು ನೋಡಬೇಕು. ಸರಿಯೆನಿಸಿದರೆ ಎರಡು ಯಂತ್ರಗಳಲ್ಲಿ ಮಾತ್ರ ಅದನ್ನು ನೆಲೆಗೊಳಿಸಿ, ಒಂದು ಅವಧಿಯ ಕಾಲ ಮಕ್ಕಳೂ ಶಿಕ್ಷಕರೂ ಬಳಸಿ ನೋಡಬೇಕು. ವಿಂಡೋಸ್ ಇಲ್ಲದೆ ನಡೆಯದ ಕಚೇರಿಯ ಕೆಲಸಕ್ಕೆ ತಕ್ಕ ಹೊಸ ಯಂತ್ರವೊಂದನ್ನು ಕೊಳ್ಳಬಹುದು. ಹತ್ತನ್ನು ಕೊಳ್ಳುವ ಅಗತ್ಯ ಬೀಳಲಾರದು.

ಹೀಗೆ ಪರೀಕ್ಷಿಸಿದ ಮೇಲೆ ಒಂದು ಶಾಲೆಯು ಲಿನಕ್ಸನ್ನೂ ಮತ್ತೊಂದು ಶಾಲೆಯು ವಿಂಡೋಸನ್ನೂ ಆರಿಸಿಕೊಂಡರೆ ಆಶ್ಚರ್ಯವಿಲ್ಲ. ಅವರವರ ಅಗತ್ಯಕ್ಕೆ ತಕ್ಕಂತೆ ಎರಡೂ ಸರಿಯಾದ ತೀರ್ಮಾನಗಳಾಗಿರಬಹುದು. ತಪ್ಪಾಗುವುದು, ವಿಚಾರಮಾಡದೆ ಹಳೆಯದಕ್ಕೆ ಅಂಟಿಕೊಂಡಾಗ ಅಥವಾ ವಿಚಾರಮಾಡದೆ ಹೊಸದಕ್ಕೆ ಹಾರಿದಾಗ. ಕೆಲಸಕ್ಕೆ ಬರುವ ಹತ್ತು ಯಂತ್ರಗಳು ಗುಜರಿ ಸೇರಿದರೆ, ಹೊಸವು ಬರುವವರೆಗೆ ಆ ಊರಿನ ಮಕ್ಕಳು ಗಣಕವನ್ನು ಚಿತ್ರದಲ್ಲಿ ಮಾತ್ರ ನೋಡಬೇಕಾದೀತು. ಆದುದರಿಂದ ಯಂತ್ರವನ್ನು ಎಸೆಯುವ ಮುನ್ನ, ಅದರಿಂದ ಇನ್ನೂ ಎಷ್ಟು ಮಕ್ಕಳು ಕಲಿಯಬಲ್ಲರೆಂದು ಕೇಳಿಕೊಳ್ಳುವುದು ವಿವೇಕಿಗಳ ಲಕ್ಷಣ.

ಅಭ್ಯಾಸ

1. ಕಾರ್ಯಾಚರಣ ವ್ಯವಸ್ಥೆಯನ್ನು ನೀರುಗಂಟಿಗೆ ಹೋಲಿಸಲು ಕಾರಣವೇನು?
2. ಹಳೆಯ ಕನ್ನಡ ಕಡತಗಳಿಂದ ಉಂಟಾಗುವ ತೊಡಕನ್ನೂ ಅದರ ಪರಿಹಾರವನ್ನೂ ತಿಳಿಸಿರಿ.
3. ಕೇರಳದ ಶಾಲೆಗಳ ಮತ್ತು ಮ್ಯೂನಿಕ್ ನಗರದ ಅನುಭವಗಳನ್ನು ಹೋಲಿಸಿರಿ.
4. ನಿಮ್ಮ ಶಾಲೆಯ ಗಣಕಗಳ ವಿಷಯದಲ್ಲಿ ನೀವು ಯಾವ ತೀರ್ಮಾನ ಮಾಡುವಿರಿ? ಕಾರಣಗಳೊಡನೆ ಬರೆಯಿರಿ.